ಚಪ್ಪಟೆ ಪ್ಲೇಟ್ ಸ್ಕ್ಯಾನ್ ಮಾಡಿದರೂ ಮೇಲ್ಮೈಯಲ್ಲಿ ಅಲೆ ಯಾಕೆ? (ಪ್ರೊಜೆಕ್ಟರ್ + ಕ್ಯಾಮೆರಾ)

ಭೋಸರಿ_ಕನ್ನಡಿಗ:
ಪುಣೆ ಭೋಸರಿ ಎಂಐಡಿಸಿಯ (ಕೈಗಾರಿಕಾ ಪ್ರದೇಶ) ಶೆಡ್ಡಲ್ಲಿ ಸುಮಾರು 180 ಮಿ.ಮೀ. ಉದ್ದದ ಅಲ್ಯೂಮಿನಿಯಂ ಕಾಸ್ಟಿಂಗ್ 3ಡಿ ಸ್ಕ್ಯಾನ್ ಮಾಡಬೇಕಿದೆ: ಪ್ರೊಜೆಕ್ಟರಿನಿಂದ ಬೆಳಕಿನ ಪಟ್ಟಿ ಹಾಕಿ, ಅವು ಬಾಗಿದ ರೀತಿಯನ್ನು ಕ್ಯಾಮೆರಾದಲ್ಲಿ ನೋಡಿ ಆಕಾರ ಲೆಕ್ಕ ಹಾಕುವುದು. 0.1 ಮಿ.ಮೀ. ನಿಖರತೆ ಸಾಕು.

ಸೆಟಪ್: 1280×720 ಡಿಎಲ್‌ಪಿ ಪ್ರೊಜೆಕ್ಟರ್ (60 ಹರ್ಟ್ಸ್), 1440×1080 ಮೋನೋ ಕ್ಯಾಮೆರಾ, ಪಿಕ್ಸೆಲ್ 3.45 ಮೈಕ್ರಾನ್, 12 ಮಿ.ಮೀ. ಲೆನ್ಸ್. ವಸ್ತುವಿಗೆ ದೂರ 500 ಮಿ.ಮೀ., ಬೇಸ್‌ಲೈನ್ (ಪ್ರೊಜೆಕ್ಟರ್-ಕ್ಯಾಮೆರಾ ನಡುವಿನ ಅಂತರ) 150. 20 ಪಿಕ್ಸೆಲ್ಲಿಗೊಂದರಂತೆ 64 ಪಟ್ಟಿ, 3 ಸ್ಟೆಪ್ ಫೇಸ್ ಶಿಫ್ಟ್ (ಪಟ್ಟಿಗಳನ್ನು ಸ್ವಲ್ಪ ಸ್ವಲ್ಪ ಸರಿಸಿ ತೆಗೆದ 3 ಫೋಟೋದಿಂದ, ಬಿಂದು ಪಟ್ಟಿಯೊಳಗೆ ಎಲ್ಲಿದೆ ಅಂದರೆ ಅದರ ಫೇಸ್ ತಿಳಿಯುವುದು), ಜೊತೆಗೆ 6 ಬಿಟ್ ಗ್ರೇ ಕೋಡ್ (ಅದು ಎಷ್ಟನೇ ಪಟ್ಟಿ ಎಂದು ಹೇಳುವ ಕಪ್ಪು-ಬಿಳಿ ಪ್ಯಾಟರ್ನ್‌ಗಳು). ಎಕ್ಸ್‌ಪೋಶರ್ 10 ಮಿಲಿಸೆಕೆಂಡ್. ಬೆಳಕು ಬೀಳುವ ಅಗಲ 250 ಮಿ.ಮೀ.

ತೊಂದರೆ: ಚಪ್ಪಟೆ ಪ್ಲೇಟಿನ ಮೇಲೂ 1.3 ಮಿ.ಮೀ.ಗೊಂದು ಅಲೆ. ಫೋಟೋದಿಂದ ಫೋಟೋಗೆ ಬೆಳಕು ಬದಲಾಗುತ್ತದೆ. ಅಲ್ಲಲ್ಲಿ ಬಿಂದುಗಳು ದೂರ ಹಾರಿರುತ್ತವೆ. ಮಷೀನಿಂಗ್ ಆದ ಮುಖಗಳಲ್ಲಿ ಡೇಟಾನೇ ಇಲ್ಲ.

ಗೆರೆಬೆಳಕು:
ಅಲೆಯ ಅಳತೆ ಕೊಟ್ಟಿದ್ದು ಒಳ್ಳೇದಾಯ್ತು, ಅದರಲ್ಲೇ ಉತ್ತರ ಇದೆ. ನಿಮ್ಮ ಒಂದು ಪಟ್ಟಿ 3.9 ಮಿ.ಮೀ., ಅದರ ಮೂರನೇ ಒಂದು ಭಾಗ 1.3. 3 ಸ್ಟೆಪ್ಪಿನಲ್ಲಿ ಪಟ್ಟಿಯೊಂದಕ್ಕೆ ಸರಿಯಾಗಿ ಮೂರು ಅಲೆ ಬಂದರೆ ಮೊದಲ ಅನುಮಾನ ಗಾಮಾ ಮೇಲೆ (ಕಳಿಸಿದ ಬೂದು ಮಟ್ಟಕ್ಕೂ ಹೊರಬರುವ ಬೆಳಕಿಗೂ ನೇರ ಅನುಪಾತ ಇಲ್ಲದಿರುವುದು). ನೀವು ಸೈನ್ ಅಲೆ ಕಳಿಸುತ್ತೀರಿ, ಪ್ರೊಜೆಕ್ಟರ್ ಅದನ್ನು ತಿರುಚಿ ಹಾಕುತ್ತದೆ.

ಆದರೆ ಮೊದಲು ಎಕ್ಸ್‌ಪೋಶರ್ ಸರಿಮಾಡಿ, ಇಲ್ಲದಿದ್ದರೆ ಗಾಮಾ ಅಳೆದೂ ಪ್ರಯೋಜನವಿಲ್ಲ. ಡಿಎಲ್‌ಪಿಯ ಪುಟ್ಟ ಕನ್ನಡಿಗಳು ಬೂದು ಛಾಯೆಯನ್ನು ಇಡೀ 16.67 ಮಿಲಿಸೆಕೆಂಡ್ ಫ್ರೇಮಿನುದ್ದಕ್ಕೂ ಮಿಟುಕಿ ಮಿಟುಕಿ ಕಟ್ಟುತ್ತವೆ. 10ರಲ್ಲಿ ನಿಮಗೆ ಸಿಗೋದು ಅದರ ಒಂದು ತುಂಡು. ಹಾಗಂತ 16.67 ಇಟ್ಟರೆ ಶೆಡ್ಡಿನ ಟ್ಯೂಬ್‌ಲೈಟ್ ಕಾಡುತ್ತದೆ: ನಮ್ಮ ಕರೆಂಟ್ 50 ಹರ್ಟ್ಸ್, ಲೈಟಿನ ಮಿಣುಕು 10 ಮಿಲಿಸೆಕೆಂಡಿಗೊಮ್ಮೆ. ಎರಡಕ್ಕೂ ಹೊಂದುವುದು 50: ಮೂರು ಫ್ರೇಮ್, ಐದು ಮಿಣುಕು. ಬೆಳಕು ಹೆಚ್ಚಾದರೆ ಅಪರ್ಚರ್ ಎಫ್/8ಕ್ಕೆ ಇಳಿಸಿ, ಫೋಕಸ್ ಆಳವೂ ಸಿಗುತ್ತದೆ. ಟ್ರಿಗರ್ ವೈರ್ ಇಲ್ಲದಿದ್ದರೆ ಪ್ಯಾಟರ್ನ್ ಬದಲಿಸಿದ ಮೇಲೆ 100 ಮಿಲಿಸೆಕೆಂಡ್ ಬಿಟ್ಟು ಕ್ಲಿಕ್ ಮಾಡಿ.

ಆಮೇಲೆ ಗಾಮಾ. ಮ್ಯಾಟ್ ಬಿಳಿ ಹಲಗೆಯ ಮೇಲೆ 0ಯಿಂದ 255ರವರೆಗೆ 5ರ ಅಂತರದಲ್ಲಿ ಬೂದು ಹಾಕಿ, ನಡುಭಾಗದ ಸರಾಸರಿ ತೆಗೆದು, ತಿರುಗಾಮುರುಗಾ ಟೇಬಲ್ (ಬೇಕಾದ ಬೆಳಕಿಗೆ ಎಷ್ಟು ಬೂದು ಕಳಿಸಬೇಕು ಎಂಬುದು) ಮಾಡಿ ಪ್ಯಾಟರ್ನಿಗೆ ಅನ್ವಯಿಸಿ. ಡೈನಮಿಕ್ ಕಾಂಟ್ರಾಸ್ಟ್, ಇಕೋ ಮೋಡ್ ಬಂದ್ ಇರಲಿ. ಜೊತೆಗೆ 8 ಸ್ಟೆಪ್‌ಗೆ ಹೋಗಿ. ಆಗ ತಿರುಚುವಿಕೆಯಿಂದ ಸೇರುವ ಹಾರ್ಮೋನಿಕ್‌ಗಳು (ಮೂಲ ಅಲೆಯ 2, 3, 4... ಪಟ್ಟು ಆವರ್ತನದ ಅಲೆಗಳು) 6ನೆಯದರವರೆಗೆ ತಾನಾಗಿಯೇ ಅಳಿಯುತ್ತವೆ, 7ನೆಯದು ಸಾಮಾನ್ಯವಾಗಿ ಬಹಳ ಸಣ್ಣದು. ಕ್ಯಾಮೆರಾದಲ್ಲಿ ಗರಿಷ್ಠ ಬೆಳಕು 220 ದಾಟದಿರಲಿ. ಸ್ಯಾಚುರೇಟ್ ಆದರೆ ಅದೇ ಅಲೆ ಮತ್ತೆ ಬರುತ್ತದೆ.

ಚಾಕಣ_ಮೆಟ್ರಾಲಜಿ:
ಹಾರಿದ ಬಿಂದುಗಳು ಹತ್ತಿರಹತ್ತಿರ 13 ಮಿ.ಮೀ. ಆಚೀಚೆ ಇದ್ದಾವೇನು ನೋಡ್ರಿ. ಇದ್ದರೆ ಅದು ಪೂರ್ತಿ ಒಂದು ಪಟ್ಟಿಯ ಜಿಗಿತ (3.9 × 500 ÷ 150). ಗ್ರೇ ಕೋಡಿನ ಅಂಚೂ ಫೇಸ್ ಸುತ್ತುವ (ಒಂದು ಪಟ್ಟಿ ಮುಗಿದು ಮತ್ತೆ ಸೊನ್ನೆಯಿಂದ ಶುರುವಾಗೋ) ಜಾಗವೂ ಒಂದು ಪಿಕ್ಸೆಲ್ ಆಚೀಚೆ ಆದ್ರ ಹಿಂಗ ಆಗ್ತದ. ಅರ್ಧ ಪಟ್ಟಿ ಸರಿಸಿದ 7ನೇ ಗ್ರೇ ಪ್ಯಾಟರ್ನ್ ಸೇರಿಸಿ, ಫೇಸ್ ಅಂಚಿನ ಹತ್ತಿರ ಇದ್ದಾಗ ಪಟ್ಟಿಯ ನಂಬರ್ ಅದರಿಂದ ತಗೋರಿ.

ಹೊಳೆಯುವ ಮುಖಕ್ಕೆ ಪೋಲರೈಸರ್ (ಹೊಳಪು ತಡೆಯೋ ಫಿಲ್ಟರ್) ಖರೀದಿಗೆ ಹೋಗಬ್ಯಾಡ್ರಿ. ಬರಿ ಲೋಹದಿಂದ ಚದುರಿ ಬರೋ ಬೆಳಕೇ ಕಡಿಮಿ, ಅಡ್ಡ ಪೋಲರೈಸರ್ ಹಾಕಿದ್ರ ಎಲ್ಲಾ ಕತ್ತಲೆ. ಕ್ರ್ಯಾಕ್ ನೋಡಲಿಕ್ಕೆ ಹಚ್ಚೋ ಬಣ್ಣದ ದ್ರವ, ಡೈ ಪೆನಟ್ರಂಟ್ ಜೊತೆ ಬರೋ ಬಿಳಿ ಡೆವಲಪರ್ ಸ್ಪ್ರೇ ಸಾಕು. 25-30 ಸೆಂ.ಮೀ. ದೂರದಿಂದ ತೆಳ್ಳಗೆ ಒಂದೇ ಕೈ. ದಪ್ಪ ಆತಂದ್ರ ಅದೇ ನಿಮ್ಮ ಅಳತೆಗೆ ಸೇರ್ತದ.

ಭೋಸರಿ_ಕನ್ನಡಿಗ:
8 + 7 + ಬಿಳಿ-ಕಪ್ಪು 2, ಒಟ್ಟು 17 ಚಿತ್ರ. ಒಂದಕ್ಕೆ 150 ಮಿಲಿಸೆಕೆಂಡ್ ಅಂದರೆ ಎರಡೂವರೆ ಸೆಕೆಂಡ್. ಕಾಸ್ಟಿಂಗ್ ಅಲ್ಲಾಡಲ್ಲ, ನಡೆಯುತ್ತೆ. ಈ ಸೆಟಪ್ಪಿನಲ್ಲಿ 0.1 ಸಿಗುತ್ತಾ?

ಗೆರೆಬೆಳಕು:
ಲೆಕ್ಕದ ಪ್ರಕಾರ ಸಿಗಬೇಕು. ಫೋಕಲ್ ಲೆಂತ್ ಪಿಕ್ಸೆಲ್ಲಿನಲ್ಲಿ 3478. ಪ್ರೊಜೆಕ್ಟರ್-ಕ್ಯಾಮೆರಾ ಬಿಂದುಗಳ ಹೊಂದಾಣಿಕೆಯ ದೋಷ 0.1 ಪಿಕ್ಸೆಲ್ ಎಂದಿಟ್ಟರೆ ಆಳದ ದೋಷ 500² × 0.1 ÷ (3478 × 150), ಸುಮಾರು 0.05 ಮಿ.ಮೀ. ಅದನ್ನು ಕೆಡಿಸೋದು ಕ್ಯಾಲಿಬ್ರೇಶನ್ (ಚದುರಂಗದ ಹಲಗೆ ತೋರಿಸಿ ಕ್ಯಾಮೆರಾ-ಪ್ರೊಜೆಕ್ಟರ್‌ಗಳ ಸ್ಥಾನ, ಲೆನ್ಸಿನ ಗುಣ ಅಳೆಯುವುದು). ಕೀಸ್ಟೋನ್ (ಚಿತ್ರದ ಓರೆ ಸರಿಪಡಿಸುವ ಸೆಟ್ಟಿಂಗ್) ಪೂರ್ತಿ ಸೊನ್ನೆ, ಆಟೋಫೋಕಸ್ ಬಂದ್, ಅರ್ಧ ಗಂಟೆ ಬಿಸಿಯಾದ ಮೇಲೆಯೇ ಶುರು. 720 ಪ್ಯಾನೆಲ್ಲಿನದೇ ರೆಸಲ್ಯೂಶನ್ನಾ ಅಂತಲೂ ನೋಡಿ. ಡಬ್ಬದ ಮೇಲೆ 'ಸಪೋರ್ಟ್' ಅಂತ ಬರೆದಿದ್ದರೆ ನಂಬಬೇಡಿ.

ಚದುರಂಗದ ಹಲಗೆಯನ್ನು ಕಾಗದದಲ್ಲಿ ಮಾಡಬೇಡಿ, ಪುಣೆಯ ಮಳೆಗಾಲದಲ್ಲಿ ಉಬ್ಬುತ್ತದೆ. ಬೋರ್ಡ್ ಅಂಗಡಿಯಲ್ಲಿ ಎಸಿಪಿ (ಅಲ್ಯೂಮಿನಿಯಂ ಕಾಂಪೋಸಿಟ್) ಶೀಟಿನ ಮೇಲೆ ಪ್ರಿಂಟ್ ಮಾಡಿಸಿ, ಚೌಕಗಳನ್ನು ಅಡ್ಡ-ಉದ್ದ ಎರಡೂ ಕಡೆ ವರ್ನಿಯರ್‌ನಿಂದ ಅಳೆಯಿರಿ.

ಚಾಕಣ_ಮೆಟ್ರಾಲಜಿ:
ರೀಪ್ರೊಜೆಕ್ಷನ್ ದೋಷ (ಕ್ಯಾಲಿಬ್ರೇಶನ್ ಲೆಕ್ಕಕ್ಕೂ ಚಿತ್ರದಲ್ಲಿ ಕಂಡ ಬಿಂದುವಿಗೂ ಇರೋ ವ್ಯತ್ಯಾಸ) 0.2 ಪಿಕ್ಸೆಲ್ ಬಂತು ಅಂತ ಬಿಟ್ಟುಬಿಡಬ್ಯಾಡ್ರಿ. ಚಪ್ಪಟೆ ಗ್ರಾನೈಟ್ ಹಲಗೆ ಮೇಲೆ 10 ಮಿ.ಮೀ. ಸ್ಲಿಪ್ ಗೇಜ್ (ಖಚಿತ ಅಳತೆಯ ಉಕ್ಕಿನ ತುಂಡು) ಇಟ್ಟು, ಎರಡಕ್ಕೂ ಸ್ಪ್ರೇ ಹೊಡೆದು, ನಡುವೆ ಒಂದ್ಸಲ, ನಾಲ್ಕು ಮೂಲೆಯಲ್ಲೂ ಒಂದೊಂದ್ಸಲ ಎತ್ತರ ನೋಡ್ರಿ. ನಡುವೆ ಸರಿ ಇದ್ದು ಮೂಲೆಯಲ್ಲಿ ಕೆಟ್ಟರೆ ಪ್ರೊಜೆಕ್ಟರ್ ಲೆನ್ಸಿನ ಡಿಸ್ಟಾರ್ಶನ್ (ಚಿತ್ರ ಬಾಗಿಸೋ ದೋಷ) ಕ್ಯಾಲಿಬ್ರೇಶನ್ನಿನಲ್ಲಿ ಬಿಟ್ಟುಹೋಗಿರಬೇಕು.