ಅಪ್‌ಡೇಟ್: ಊಟಕ್ಕೆ ಕೂತರೆ ಒಂದೇ ಕೆನ್ನೆ ಬೆವರುವ ವಿಷಯ

ಪರೋಟಿಡ್ ಗ್ರಂಥಿ (ಕಿವಿ ಮುಂದಿನ ಜೊಲ್ಲಿನ ಗ್ರಂಥಿ) ಆಪರೇಷನ್ ಆಗಿ ವರ್ಷದ ಮೇಲೆ, ಉಣ್ಣುವಾಗ ಎಡಗೆನ್ನೆ ಮಾತ್ರ ಬೆವರುತ್ತೆ ಅಂತ ಕೇಳಿದ್ದೆನಲ್ಲ, ಮೊನ್ನೆ ಟೆಸ್ಟ್ ಆಯ್ತು. ಫ್ರೇ ಸಿಂಡ್ರೋಮೇ. ಜೊಲ್ಲು ಸುರಿಸಬೇಕಾದ ನರದ ಎಳೆಗಳು ಮತ್ತೆ ಬೆಳೆಯುವಾಗ ದಾರಿ ತಪ್ಪಿ ಬೆವರಿನ ಗ್ರಂಥಿಗೆ ಸೇರಿಕೊಂಡಿವೆಯಂತೆ.

ಅಲರ್ಜಿ ಇಲ್ಲ ತಾನೆ ಅಂತ ಕೇಳಿಕೊಂಡು ಕೆನ್ನೆಗೆಲ್ಲ ಅಯೋಡಿನ್ ಬಳಿದರು, ಒಣಗಿದ ಮೇಲೆ ಸ್ಟಾರ್ಚ್ ಪುಡಿ ಉದುರಿಸಿದರು. ಥೇಟ್ ಯಕ್ಷಗಾನದ ಬಣ್ಣದ ವೇಷ! ಆಮೇಲೆ ನಿಂಬೆ ಹೋಳು ಬಾಯಿಗೆ. ಎರಡೇ ನಿಮಿಷ, ಕಿವಿ ಮುಂದೆ ಚುಕ್ಕೆ ಚುಕ್ಕೆಯಾಗಿ ಶುರುವಾಗಿ, ಬೆವರು ತಾಗಿದ ಕಡೆಯೆಲ್ಲ ಕಪ್ಪು-ನೀಲಿ ಹರಡಿತು. ಅದರ ಸುತ್ತ ಪೆನ್ನಲ್ಲಿ ಗೆರೆ ಎಳೆದು, ಚೌಕಳಿಯ ಪಾರದರ್ಶಕ ಹಾಳೆ ಇಟ್ಟು ಎಣಿಸಿದರು: 14 ಚದರ ಸೆಂ.ಮೀ. ಬೆವರು ತಡೆಯೋ ಬೊಟಾಕ್ಸ್ ಎಷ್ಟು, ಎಲ್ಲೆಲ್ಲಿ ಅನ್ನೋದು ಈ ಲೆಕ್ಕದ ಮೇಲೇ. ಇಂಜೆಕ್ಷನ್ ಮುಂದಿನ ವಾರ. ಅಲ್ಲಿವರೆಗೆ ಉಪ್ಪಿನಕಾಯಿ ಪಕ್ಕದಲ್ಲೊಂದು ಕರ್ಚೀಫ್.