ಗ್ರೂಪ್ ಪ್ರಶ್ನೋತ್ತರ: ಸರ್ಕಾರಿ ಶಾಲೆ, ಶಿಫಾರಸು, ಜಾತಿ – ವಕೀಲರನ್ನು ಕೇಳಿ

ಹೊಸನಗರದ ಸದಸ್ಯೆ: ಸರ್, ಡಿ.ಎಡ್ ಮುಗಿಸಿ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾಗಿದ್ದೇನೆ. ಊರಿನ ಶಾಲೆಗೆ ಅತಿಥಿ ಶಿಕ್ಷಕಿ ಕೆಲಸಕ್ಕೆ ಅರ್ಜಿ ಕೊಟ್ಟಿದ್ದೆ. 'ನೀವು ಯಾವ ಪೈಕಿ?' ಅಂತ ಕೇಳಿದರು. ಕೊನೆಗೆ ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರ ಜಾತಿಯವರನ್ನೇ ತೆಗೆದುಕೊಂಡರು. ಅವರಿಗೆ ಟಿಇಟಿ ಆಗಿಲ್ಲ. ಪಾರ್ಟಿ ಕಡೆಯಿಂದ ಫೋನ್ ಬಂದಿತ್ತಂತೆ.

ವಕೀಲರು: ಫೋನ್ ಬಂದಿದ್ದನ್ನು ಸಾಬೀತು ಮಾಡುವುದು ಕಷ್ಟ, ಸದ್ಯಕ್ಕೆ ಬಿಡಿ. ಕಾಗದ ಹಿಡಿಯಿರಿ. ಅತಿಥಿ ಶಿಕ್ಷಕರ ಬಗ್ಗೆ ಇಲಾಖೆ ಸುತ್ತೋಲೆ ಹೊರಡಿಸುತ್ತದೆ, ಈ ವರ್ಷದ್ದನ್ನು ಮೊದಲು ಓದಿ. ಅರ್ಜಿದಾರರು ಜಾಸ್ತಿ ಇದ್ದಾಗ ಮೆರಿಟ್ ಪಟ್ಟಿ ಇರಲೇಬೇಕು. ಆ ಪಟ್ಟಿ ಮತ್ತು ಎಸ್‌ಡಿಎಂಸಿ ಸಭೆಯ ನಡಾವಳಿ, ಎರಡರ ನಕಲನ್ನೂ ಮಾಹಿತಿ ಹಕ್ಕಿನಲ್ಲಿ (ಆರ್‌ಟಿಐ) ಕೇಳಿ. ಶುಲ್ಕ 10 ರೂಪಾಯಿ, ಗಡುವು 30 ದಿನ. ನಡಾವಳಿ ಪುಸ್ತಕವನ್ನೇ ಕಣ್ಣಾರೆ ನೋಡುವ ಹಕ್ಕೂ ನಿಮಗಿದೆ. ಸಭೆಗೆ ಬಾರದ ತಾಯಂದಿರ ಸಹಿ ಎಲ್ಲಾ ಒಂದೇ ಪೆನ್ನಿನಲ್ಲಿ, ಒಂದೇ ಕೈಯಲ್ಲಿದ್ದರೆ ಅಲ್ಲೇ ಗೊತ್ತಾಗುತ್ತದೆ. ಆದರೆ 30 ದಿನ ಕಾಯುತ್ತಾ ಕೂರಬೇಡಿ. ಇದು ಒಂದು ವರ್ಷದ ಕೆಲಸ, ತಡವಾದಷ್ಟೂ ಅವರಿಗೇ ಲಾಭ. ಇವತ್ತೇ ಬಿಇಓಗೆ (ಕ್ಷೇತ್ರ ಶಿಕ್ಷಣಾಧಿಕಾರಿ) ಲಿಖಿತ ತಕರಾರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಜಾತಿ ಕೇಳಿದ್ದು ಯಾರು, ಯಾವತ್ತು, ಪಕ್ಕದಲ್ಲಿ ಯಾರಿದ್ದರು, ಅದನ್ನೂ ಬರೆಯಿರಿ.

ಸೊರಬದ ಸದಸ್ಯ: ಮೀಸಲಾತಿಯೂ ಪಕ್ಷಪಾತವೇ ಅಲ್ವಾ?

ಸಾಗರದ ಸದಸ್ಯ: 1951ರಲ್ಲಿ ಕಾಗೋಡಿನ ಗೇಣಿದಾರರು ಭೂಮಾಲೀಕರ ವಿರುದ್ಧ ಎದ್ದು ನಿಂತ ಜಿಲ್ಲೆಯಲ್ಲಿ ಕೂತು ಈ ಮಾತಾ?

ಸೊರಬದ ಸದಸ್ಯ: ಭಾಷಣ ಬೇಡ.

ಸಾಗರದ ಸದಸ್ಯ: ಪ್ರಶ್ನೆ ಹಾಗಿದ್ದರೆ ಉತ್ತರವೂ ಹಾಗೇ.

ವಕೀಲರು: ಮೀಸಲಾತಿಗೆ ಆದೇಶ ಇದೆ, ರೋಸ್ಟರ್ (ಯಾವ ಹುದ್ದೆ ಯಾವ ವರ್ಗಕ್ಕೆ ಎಂಬ ಸರದಿ ಪಟ್ಟಿ) ಇದೆ. ತಪ್ಪಿದರೆ ಕೋರ್ಟಿಗೆ ಹೋಗಬಹುದು. ಫೋನ್ ಶಿಫಾರಸಿಗೆ ಏನಿದೆ? ಸಾಕು ಮಾಡಿ.

ತೀರ್ಥಹಳ್ಳಿಯ ಸದಸ್ಯ: ನಾನು ಶಿಕ್ಷಕ, ವರ್ಗಾವಣೆಗೆ ಶಾಸಕರ ಪತ್ರ ತಂದರೆ ಆಗುತ್ತಾ?

ವಕೀಲರು: 2020ರ ಶಿಕ್ಷಕರ ವರ್ಗಾವಣೆ ಕಾಯ್ದೆ ಇದೆ. ಪತ್ರದಿಂದಲ್ಲ, ಕೌನ್ಸೆಲಿಂಗ್‌ನಲ್ಲಿ.

ಶಿಕಾರಿಪುರದ ಸದಸ್ಯ: ಎಲ್ಲರಿಗೂ ಉಪಯೋಗ, ಫಾರ್ವರ್ಡ್ ಮಾಡಿ: '40 ಪ್ರಶ್ನೆಗಳ ಆರ್‌ಟಿಐ, ಅಧಿಕಾರಿಗಳು ಗಡಗಡ!'

ವಕೀಲರು: ಯಾರೂ ಇದನ್ನು ಬಳಸಬೇಡಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದ. ಇದನ್ನು ಕಳಿಸಿದರೆ ಅರ್ಜಿ ವಾಪಸ್ ಬರುತ್ತದೆ, ತಿಂಗಳು ಸುಮ್ನೆ ಹಾಳು.

ಭದ್ರಾವತಿಯ ಸದಸ್ಯೆ: ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಸೀಟಿನಲ್ಲೂ ಇದೇ ಕಥೆ ಸರ್, ಏನು ಮಾಡೋದು?

ತೀರ್ಥಹಳ್ಳಿಯ ಸದಸ್ಯ: ಶಾಸಕರ ಪತ್ರ ಇದ್ದರೆ ಬೇಗ ಆಗಲ್ವಾ?

ವಕೀಲರು: ಮೇಲೆ ಹೇಳಿದ್ದೇನೆ. ರಾಜಕೀಯ ಒತ್ತಡ ತಂದರೆ ನೌಕರರ ನಡತೆ ನಿಯಮದಲ್ಲಿ ನೋಟಿಸ್ ನಿಮಗೇ ಬರುತ್ತದೆ.

ಸೊರಬದ ಸದಸ್ಯ: ವಕೀಲರೂ ಒಂದು ಕಡೆಗೇ ವಾಲಿದ್ದಾರೆ ಬಿಡಿ.

ಸಾಗರದ ಸದಸ್ಯ: ಗ್ರೂಪ್ ಬಿಟ್ಟು ಹೋಗಿ, ಯಾರು ತಡೆದರು?

ಹೊಸನಗರದ ಸದಸ್ಯೆ: ಸರ್, ಬಿಇಓ ಕಚೇರಿಯಲ್ಲಿ ತಕರಾರು ತೆಗೆದುಕೊಂಡರು, ಸ್ವೀಕೃತಿ ಕೊಡಲ್ಲ ಅಂತಾರೆ.

ವಕೀಲರು: ಸ್ಪೀಡ್ ಪೋಸ್ಟ್ ಮಾಡಿ. ರಸೀದಿ ಇಟ್ಟುಕೊಳ್ಳಿ. ಒಂದು ಪ್ರತಿ ಡಿಡಿಪಿಐಗೂ (ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರು).