ಅಪ್‌ಡೇಟ್: ಹಸು ಒದೆಯುತ್ತಿದ್ದದ್ದು ಕೆಚ್ಚಲು ಬಾವಿನಿಂದ

ನಮ್ಮ ಸಾಧು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್ ತಳಿಯ) ಹಸು ಹಾಲು ಕರೆಯುವಾಗ ಇದ್ದಕ್ಕಿದ್ದಂತೆ ಒದೆಯಲು ಶುರು ಮಾಡಿದೆ, ಕಾಲು ಕಟ್ಟಬೇಕಾ ಅಂತ ಕೇಳಿದ್ದೆ. ಮೊದಲು ಡಾಕ್ಟರಿಗೆ ತೋರಿಸಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್.

ಡಾಕ್ಟರ್ ಬಂದ ಕೂಡಲೇ ಹಸುವನ್ನು ಮುಟ್ಟಲಿಲ್ಲ. ಸ್ವಲ್ಪ ದೂರ ನಿಂತು ಸುಮ್ನೆ ನೋಡಿದರು. ಯಾವ ಕಾಲಿನ ಮೇಲೆ ಭಾರ ಹಾಕುತ್ತೆ, ಮೆಲುಕು ಹಾಕುತ್ತಿದೆಯಾ, ಕಿವಿ ಹೇಗಿಟ್ಟುಕೊಂಡಿದೆ, ಎಲ್ಲ ಗಮನಿಸಿದರು. ಆಮೇಲೆ ನನಗೇ ಹಾಲು ಕರೆಯಲು ಹೇಳಿದರು. ಬಲಗಡೆ ಹಿಂದಿನ ಮೊಲೆ ಮುಟ್ಟಿದಾಗ ಮಾತ್ರ ಒದೆಯುತ್ತಿತ್ತು! ಹಾಲು ನೋಡೋಕೆ ಚೆನ್ನಾಗೇ ಇತ್ತು, ಗಡ್ಡೆ ಇರಲಿಲ್ಲ. ಆದರೆ ಕೆಚ್ಚಲು ಬಾವು ಪತ್ತೆ ಮಾಡುವ ಸಿಎಂಟಿ ದ್ರಾವಣ ಹಾಕಿದಾಗ ಆ ಒಂದು ಮೊಲೆಯ ಹಾಲು ಮಾತ್ರ ಲೋಳೆಯಾಯಿತು. ಬಾವು ಬಂದಾಗ ಹಾಲಿನಲ್ಲಿ ಬಿಳಿ ರಕ್ತಕಣ ಜಾಸ್ತಿ ಆಗುವುದರಿಂದ ಹಾಗಾಗುತ್ತದಂತೆ.

ಮೊಲೆಗೆ ಔಷಧಿ ಹಾಕಿದರು. ಡಾಕ್ಟರ್ ಹೇಳಿದ ಅವಧಿ ಮುಗಿಯುವವರೆಗೆ ಡೇರಿಗೆ ಹಾಲು ಹಾಕಲಿಲ್ಲ.

ಬಾವು ಇಳಿದ ಮೇಲೂ ಹಸುವಿಗೆ ಭಯ ಹೋಗಿರಲಿಲ್ಲ. ನನಗೆ ಮುಖ್ಯ ಅನಿಸಿದ್ದು ಇದೇ. ಹಾಲು ಇಳಿಯಲು ಆಕ್ಸಿಟೋಸಿನ್ ಅನ್ನೋ ಹಾರ್ಮೋನ್ ಬೇಕು. ಹೆದರಿದಾಗ ಬರುವ ಅಡ್ರಿನಲಿನ್ ಹಾರ್ಮೋನ್ ಅದಕ್ಕೆ ಅಡ್ಡ ಬರುತ್ತದೆ. ಹಾಲು ಪೂರ್ತಿ ಇಳಿಯದೆ ಕೆಚ್ಚಲಲ್ಲೇ ಉಳಿದರೆ ಬಾವು ಮತ್ತೆ ಜೋರಾಗಬಹುದು. ಅದಕ್ಕೇ ಕಾಲು ಕಟ್ಟಬೇಡಿ, ಗದರಬೇಡಿ ಅಂದರು. ಈಗ ದಿನಾ ಒಬ್ಬರೇ, ಅದೇ ಹೊತ್ತಿಗೆ, ಮಾತಾಡಿಸುತ್ತಾ ಕರೆಯುತ್ತೇವೆ. ಒದೆಯುವುದು ನಿಂತಿದೆ. ಹೊಸಬರು ಹತ್ತಿರ ಹೋದರೆ ಇನ್ನೂ ಕಾಲೆತ್ತುತ್ತದೆ.